ಕುಳಿತವರು, ಎಡದಿಂದ ಬಲಕ್ಕೆ

ನಮ್ಮ ಕಾಲೇಜಿನ ಪಿ.ಡಿ. ಸರ್, ಅಂದರೆ ದೈಹಿಕ ಶಿಕ್ಷಣ ನಿರ್ದೇಶಕರ ಕೋಣೆಯ ಗೋಡೆಯಲ್ಲಿ ಸಾಲಾಗಿ ಇಪ್ಪತ್ತಮೂರು ಫೋಟೋಗಳು. ಕಂದು ರಟ್ಟಿಗೆ ಅಂಟಿಸಿ, ಕೆಳಗೆ ಬಿಳಿ ಪೈಂಟಿನಲ್ಲಿ ಹೆಸರು ಬರೆದು, ಗಾಜು ಹಾಕಿಸಿದ ಫೋಟೋಗಳು. ಮಳೆಗಾಲದ ತೇವಕ್ಕೆ ರಟ್ಟು ಉಬ್ಬಿ, ಹುಳ ಹಿಡಿದು, ಕೆಲವರ ಹೆಸರು ಅರ್ಧಕ್ಕೇ ಹೋಗಿದೆ. 1994-95ನೇ ಸಾಲಿನ ಮಹಿಳಾ ಕಬಡ್ಡಿ ತಂಡದ ಫೋಟೋದಲ್ಲಿ ನಾನಿದ್ದೇನೆ. ಕುಳಿತವರು, ಎಡದಿಂದ ಮೂರನೆಯವಳು. 1995-96ರ ಫೋಟೋದಲ್ಲಿ ನಾನಿಲ್ಲ.

ಆಗ ನಮ್ಮದು ಮಣ್ಣಿನ ಕೋರ್ಟು. ಬೆಳಿಗ್ಗೆ ಆರಕ್ಕೆ ಬಂದು ಕಲ್ಲು ಹೆಕ್ಕಿ, ಬಾವಿಯಿಂದ ನೀರು ಸೇದಿ ಚಿಮುಕಿಸಿ, ಮಣ್ಣು ಹದಕ್ಕೆ ಬಂದ ಮೇಲೆ ಸುಣ್ಣದ ಗೆರೆ ಎಳೆಯಬೇಕು. ಹುಡುಗರು ಬರುವುದರೊಳಗೆ ನಮ್ಮ ಪ್ರಾಕ್ಟೀಸು ಮುಗಿಯಬೇಕು. ನಾನು ರೈಡರ್, ಉಸಿರು ಹಿಡಿದು ಎದುರಾಳಿಗಳ ಅಂಕಣಕ್ಕೆ ನುಗ್ಗುವವಳು. ನನ್ನ ಉಸಿರು ಉದ್ದ ಎಂದು ಪಿ.ಡಿ. ಸರ್ ಮೂರನೇ ರೈಡಿಗೆ ಯಾವಾಗಲೂ ನನ್ನನ್ನೇ ಕಳಿಸುತ್ತಿದ್ದರು. ಪ್ರಾಕ್ಟೀಸು ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಆಳಿಗೆ ಎರಡು ಬನ್ಸ್, ಒಂದು ಬಾಳೆಹಣ್ಣು. ಅದರ ಲೆಕ್ಕ ಸರ್ ಹೆಸರಿನಲ್ಲಿ. ಆ ದುಡ್ಡು ಕಾಲೇಜಿನದಲ್ಲ, ಅವರ ಸಂಬಳದ್ದು ಎಂದು ನಮಗೆ ಗೊತ್ತಾದದ್ದು ಅವರು ನಿವೃತ್ತರಾದ ಮೇಲೆ.

1990ರ ಬೀಜಿಂಗ್ ಏಷ್ಯನ್ ಗೇಮ್ಸ್‌ನಲ್ಲಿ ಪುರುಷರ ಕಬಡ್ಡಿ ಸೇರಿ ನಮ್ಮ ದೇಶಕ್ಕೆ ಚಿನ್ನ ಬಂದಿತ್ತಲ್ಲ, ಆ ಸುದ್ದಿಯ ಪತ್ರಿಕೆಯ ತುಂಡನ್ನು ಸರ್ ಕಪಾಟಿನ ಬಾಗಿಲಿಗೆ ಅಂಟಿಸಿದ್ದರು. "ಹೆಂಗಸರದ್ದೂ ಒಂದು ದಿನ ಬರ್ತದೆ" ಎನ್ನುತ್ತಿದ್ದರು. ಬರಲಿಕ್ಕೆ ಮತ್ತೆ ಇಪ್ಪತ್ತು ವರ್ಷ ಬೇಕಾಯಿತು. 2010ರಲ್ಲಿ ಗುವಾಂಗ್‌ಝೌನಲ್ಲಿ ಮಹಿಳೆಯರ ಕಬಡ್ಡಿ ಮೊದಲ ಬಾರಿ ಸೇರಿದಾಗ ಚಿನ್ನ ಗೆದ್ದ ತಂಡದಲ್ಲಿ ನಮ್ಮ ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ ಇದ್ದರು. ಮರುದಿನ ಪೇಪರು ಹಿಡಿದುಕೊಂಡು ನಾನು ಎಷ್ಟೋ ಹೊತ್ತು ಕೂತಿದ್ದೆ. ನಾನು ಕೆಲಸ ಮಾಡುವ ಸೊಸೈಟಿಯ ಕೌಂಟರಿನಲ್ಲಿ ಜನ ಕಾಯುತ್ತಿದ್ದರು.

1995ರ ಡಿಸೆಂಬರ್‌ನಲ್ಲಿ ಅಂತರ ಕಾಲೇಜು ಪಂದ್ಯಾಟದ ಸೆಮಿಫೈನಲ್. ಬೋನಸ್ ಗೆರೆ ದಾಟಿ ತಿರುಗುವಾಗ ಎದುರಿನ ಕಾರ್ನರಿನವಳು ಪಾದ ಹಿಡಿದಳು. ಪಾದ ಅಲ್ಲೇ ಉಳಿಯಿತು, ಮೈ ತಿರುಗಿತು. ಮೊಣಕಾಲಿನೊಳಗೆ ಹಸಿ ಕಡ್ಡಿ ಮುರಿದ ಹಾಗೆ ಒಂದು ಶಬ್ದ. ಈಗ ಅದಕ್ಕೆ ಲಿಗಮೆಂಟ್ ಹರಿಯುವುದು ಎನ್ನುತ್ತಾರೆ, ಎಂ.ಆರ್.ಐ. ಮಾಡಿ ತೋರಿಸುತ್ತಾರೆ. ಆಗ ಊರಿನ ನಾಟಿ ವೈದ್ಯರು ಎಣ್ಣೆ ಹಾಕಿ ಕಟ್ಟಿದರು, ಆಮೇಲೆ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿದರು. ಅಪ್ಪ ಆ ವರ್ಷದ ಅಡಿಕೆಯನ್ನು ಒಣಗುವ ಮೊದಲೇ ಕೊಟ್ಟುಬಿಟ್ಟರು. ಪಿ.ಡಿ. ಸರ್ ಎರಡು ಸಲ ಮನೆಗೆ ಬಂದರು. ಕಾಲೇಜಿನಿಂದ ಬೇರೆ ಯಾರೂ ಬರಲಿಲ್ಲ, ಒಂದು ರೂಪಾಯಿಯೂ ಬರಲಿಲ್ಲ. ಫೆಬ್ರವರಿಯಲ್ಲಿ ಕಾಲೇಜು ಡೇ ದಿನ ತಂಡದ ಫೋಟೋ ತೆಗೆದರು. ನಾನು ಮನೆಯ ಜಗಲಿಯಲ್ಲಿ ಕಾಲು ನೀಡಿ ಕೂತಿದ್ದೆ. ಹಾಜರಿ ಸಾಲದೆ ಅಂತಿಮ ಪರೀಕ್ಷೆಗೆ ಕೂರಲು ಬಿಡಲಿಲ್ಲ. ಮುಂದಿನ ವರ್ಷ ಮದುವೆಯಾಯಿತು.

ಆಮೇಲೆ ಇಪ್ಪತ್ತಾರು ವರ್ಷ ನಾನು ಆ ಗೇಟಿನ ಒಳಗೆ ಕಾಲಿಡಲಿಲ್ಲ. ಬಸ್ಸು ಅದೇ ದಾರಿಯಲ್ಲಿ ಹೋಗುವಾಗ ಆಚೆ ಬದಿಯ ಕಿಟಕಿಯಲ್ಲಿ ಕೂರುತ್ತಿದ್ದೆ. ನಡುವೆ ಒಮ್ಮೆ ಹಳೆ ವಿದ್ಯಾರ್ಥಿ ಸಂಘದ ಒಂದು ಮುದ್ರಿತ ಪತ್ರ ಊರಿನ ಮನೆಗೆ ಬಂದಿತ್ತಂತೆ, ಕಟ್ಟಡ ನಿಧಿಗೆ ದೇಣಿಗೆ ಕೊಡಿ ಎಂದು. ಅದರ ಜೊತೆಗಿದ್ದ ಸದಸ್ಯತ್ವದ ಅರ್ಜಿಯಲ್ಲಿ "ಪದವಿ ಪಡೆದ ವರ್ಷ" ಎಂಬ ಒಂದು ಕಾಲಂ. ಅಲ್ಲಿ ಬರೆಯಲು ನನ್ನ ಬಳಿ ಏನೂ ಇರಲಿಲ್ಲ. ಅರ್ಜಿಯನ್ನು ಮಡಚಿ ಇಟ್ಟೆ.

2022ರ ಜುಲೈನಲ್ಲಿ ಒಂದು ಫೋನ್ ಬಂತು. ಕಾಲೇಜಿಗೆ ಹೊಸದಾಗಿ ಬಂದ ದೈಹಿಕ ಶಿಕ್ಷಣದ ಉಪನ್ಯಾಸಕಿ, ಇಪ್ಪತ್ತೆಂಟರ ಹುಡುಗಿ. "ಅಕ್ಕ, ಇಲ್ಲಿ ಗೋಡೆಯ ಫೋಟೋಗಳನ್ನೆಲ್ಲ ಇಳಿಸಿ ಒರೆಸ್ತಾ ಇದ್ದೇನೆ. ನೀವು ಎಡದಿಂದ ಮೂರನೆಯವರಲ್ವಾ? ನಿಮ್ಮ ಪಕ್ಕದಲ್ಲಿ ಕೂತವರ ಹೆಸರು ಹುಳ ತಿಂದಿದೆ. ಯಾರು ಅವರು?"

ಹಣದ ಮಾತೇ ಇಲ್ಲ. ಪಕ್ಕದಲ್ಲಿ ಕೂತವಳು ಯಾರು ಎಂದಷ್ಟೇ ಕೇಳಿದಳು. ಅವಳು ನಮ್ಮ ಲೆಫ್ಟ್ ಕಾರ್ನರ್, ಎಡ ಮೂಲೆಯಲ್ಲಿ ನಿಂತು ರೈಡರನ್ನು ಹಿಡಿಯುವವಳು. ಮೂರು ವರ್ಷ ಒಂದೇ ಬಸ್ಸಿನ ಒಂದೇ ಸೀಟಿನಲ್ಲಿ ಕೂತು ಪಂದ್ಯಾಟಗಳಿಗೆ ಹೋದವಳು. ಹೆಸರು ಹೇಳಿದೆ. ಈಗೆಲ್ಲಿದ್ದಾಳೆ ಎಂದು ಕೇಳಿದಾಗ ಹೇಳಲು ಗೊತ್ತಿರಲಿಲ್ಲ. ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಕಾಲೇಜುಗಳು ಹಳೆಯ ಆಟಗಾರರನ್ನು ಕಳೆದುಕೊಳ್ಳುವುದು ಹೇಗೆ ಎಂದು ನನಗೆ ಅರ್ಥವಾದದ್ದು ಆಗ. ಹಳೆ ವಿದ್ಯಾರ್ಥಿಗಳ ಪಟ್ಟಿಯನ್ನು ಘಟಿಕೋತ್ಸವದ ಪಟ್ಟಿಯಿಂದ ಮಾಡುತ್ತಾರೆ, ರ‍್ಯಾಂಕ್ ಬಂದವರನ್ನು, ಉದ್ಯಮ ಮಾಡಿದವರನ್ನು ಮೊದಲು ಕರೆಯುತ್ತಾರೆ. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವಾಗ ಹಳೆ ವಿದ್ಯಾರ್ಥಿಗಳ ಕೊಡುಗೆ ಎಷ್ಟು ಎಂದು ತೋರಿಸಬೇಕಾಗುತ್ತಿತ್ತು, ಆಗಲೂ ಅದೇ ಪಟ್ಟಿ. ಆಡಿದವರಲ್ಲಿ ಎಷ್ಟೋ ಮಂದಿ ಒಂದೆರಡು ಸಬ್ಜೆಕ್ಟ್ ಉಳಿಸಿಕೊಂಡು ಹೋದವರು, ಡಿಗ್ರಿ ಮುಗಿಸದವರು. ವಿಶ್ವವಿದ್ಯಾನಿಲಯಕ್ಕೆ ಆಡಿ ಬ್ಲೇಜರ್ ತೊಟ್ಟು ಬಂದವರ ಹೆಸರೂ ಆ ಪಟ್ಟಿಯಲ್ಲಿ ಇಲ್ಲ. ಅವರ ದಾಖಲೆ ಇದ್ದದ್ದು ಆ ಕೋಣೆಯ ಗೋಡೆಯಲ್ಲಿ ಮಾತ್ರ.

ಹಾಗಾಗಿ ನಾವು ಫೋಟೋದಿಂದಲೇ ಶುರು ಮಾಡಿದೆವು. ಮೊಬೈಲಿನಲ್ಲಿ ಪ್ರತಿ ಫೋಟೋ ತೆಗೆದು, ಒಬ್ಬೊಬ್ಬರಿಗೆ ಅವರ ವರ್ಷದ್ದನ್ನೇ ಕಳಿಸಿದೆವು. ಅರ್ಜಿಯಲ್ಲಿ ಪದವಿಯ ಕಾಲಂ ತೆಗೆದು "ಆಡಿದ ವರ್ಷ, ಆಡಿದ ಜಾಗ" ಎಂದು ಹಾಕಿದೆವು. ಹುಡುಗರ ಕಬಡ್ಡಿಯ ರೈಟ್ ಕವರ್ ಮಸ್ಕತ್‌ನಲ್ಲಿ ಸಿಕ್ಕಿದ. ವಾಲಿಬಾಲಿನ ಸೆಟ್ಟರ್ ಉಪ್ಪಿನಂಗಡಿಯಲ್ಲಿ ರಿಕ್ಷಾ ಓಡಿಸುತ್ತಾನೆ. ಉದ್ದ ಜಿಗಿತದಲ್ಲಿ ಮೆಡಲು ತಂದಿದ್ದವಳು ಮುಂಬೈಯಲ್ಲಿ ಮೊಮ್ಮಗುವನ್ನು ಎತ್ತಿಕೊಂಡೇ ವಿಡಿಯೋ ಕಾಲ್‌ಗೆ ಬಂದಳು. ಒಬ್ಬರು ಸಿಕ್ಕಿದರೆ ಅವರಿಂದ ಇಬ್ಬರು. ಮೊದಲ ಎಂಟು ತಿಂಗಳು ಯಾರ ಬಳಿಯೂ ದುಡ್ಡು ಕೇಳಬಾರದು ಎಂದು ನಾನೂ ಆ ಉಪನ್ಯಾಸಕಿಯೂ ಮಾತಾಡಿಕೊಂಡಿದ್ದೆವು. ಕೇಳಲಿಲ್ಲ.

ಲೆಫ್ಟ್ ಕಾರ್ನರ್ ಸಿಕ್ಕಿದ್ದು ಕೊನೆಯಲ್ಲಿ. ಬೆಳ್ತಂಗಡಿಯ ಆಚೆ, ಬಸ್ಸಿಳಿದು ಎರಡು ಮೈಲಿ ನಡೆಯಬೇಕಾದ ಜಾಗ. ಜಗಲಿಯಲ್ಲಿ ತಡ್ಪೆ, ಅಂದರೆ ಮೊರ, ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ನನ್ನ ನಡಿಗೆ ನೋಡಿ ಗುರುತು ಹಿಡಿದಳು. ಬಲಗಾಲು ಸ್ವಲ್ಪ ಎಳೆಯುತ್ತದೆ. "ಎಂತ ಮಾರಾಯ್ತಿ, ಈಗ ನೆನಪಾಯ್ತಾ?" ಎಂದಳು. ಕಣ್ಣು ಮಾತ್ರ ಎಲೆಯ ಮೇಲೆಯೇ. ಕತ್ತರಿಸಿದ ಎಲೆಗೆ ಹೊಗೆಸೊಪ್ಪು ತುಂಬಿ, ಬೆರಳಿನಲ್ಲಿ ಉರುಳಿಸಿ, ತುದಿ ಮಡಚಿ ನೂಲು ಸುತ್ತುವುದಕ್ಕೆ ಅವಳಿಗೆ ಒಂದು ಉಸಿರು ಸಾಕು. ಅದೇ ಬೆರಳುಗಳು ಒಮ್ಮೆ ಹಿಡಿದರೆ ಯಾವ ರೈಡರಿಗೂ ಪಾದ ಬಿಡಿಸಿಕೊಳ್ಳಲು ಆಗುತ್ತಿರಲಿಲ್ಲ. ಫೋಟೋ ಕೊಟ್ಟೆ. ಕೈ ಒರೆಸಿಕೊಂಡು ತೆಗೆದುಕೊಂಡಳು. ಮಗನಿಗೆ ತೋರಿಸಿದಳು. ಅಮ್ಮ ಕಬಡ್ಡಿ ಆಡುತ್ತಿದ್ದಳು ಎನ್ನುವುದು ಅವನಿಗೆ ಗೊತ್ತೇ ಇರಲಿಲ್ಲ.

ಹಣದ ವಿಷಯ ಬಂದದ್ದು 2023ರ ಬೇಸಿಗೆಯಲ್ಲಿ, ಅದೂ ಆಟಗಾರರ ಬಾಯಿಂದಲೇ. ಕಾಲೇಜಿಗೆ ಬಂದು ಮಕ್ಕಳ ಪ್ರಾಕ್ಟೀಸು ನೋಡಿದವರು "ಇನ್ನೂ ಮಣ್ಣಲ್ಲಿಯಾ?" ಎಂದು ಕೇಳಿದರು. ಈಗ ದೊಡ್ಡ ಪಂದ್ಯಾಟಗಳೆಲ್ಲ ಮ್ಯಾಟ್ ಮೇಲೆ. ಊರಿನ ಹೊನಲು ಬೆಳಕಿನ ಕೂಟಗಳಲ್ಲಿ ಕೂಡ ಮ್ಯಾಟ್ ಹಾಸುತ್ತಾರೆ. ಮಣ್ಣಿನಲ್ಲಿ ಕಾಲು ಒಂದಿಷ್ಟು ಜಾರುತ್ತದೆ, ಜಾರಿದ್ದರಿಂದಲೇ ಎಷ್ಟೋ ಸಲ ಮೊಣಕಾಲು ಉಳಿಯುತ್ತದೆ. ಮ್ಯಾಟ್ ಮೇಲೆ ಶೂ ಗಟ್ಟಿಯಾಗಿ ಕಚ್ಚಿ ಹಿಡಿಯುತ್ತದೆ. ವರ್ಷವಿಡೀ ಮಣ್ಣಿನಲ್ಲಿ ಬರಿಗಾಲಲ್ಲಿ ಆಡಿ, ಪಂದ್ಯಾಟದ ದಿನ ಎರವಲು ತಂದ ಶೂ ಹಾಕಿಕೊಂಡು ಮ್ಯಾಟ್ ಹತ್ತಿದ ಹುಡುಗಿ ತಿರುಗಿದಲ್ಲಿ ಏನಾಗುತ್ತದೆ ಎನ್ನುವುದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಪುರುಷರ ಕೋರ್ಟು 13 ಮೀಟರ್ ಉದ್ದ, 10 ಮೀಟರ್ ಅಗಲ. ಮಹಿಳೆಯರದ್ದು 12, 8. ಮ್ಯಾಟ್ ಬರುವುದು ಒಂದು ಮೀಟರ್ ಚೌಕದ ತುಂಡುಗಳಾಗಿ, ಹಲ್ಲು ಹಲ್ಲು ಜೋಡಿಸಿ ಹಾಸುವಂಥದ್ದು. ದೊಡ್ಡ ಕೋರ್ಟಿಗೆ 130 ತುಂಡು. ಆ ಲೆಕ್ಕ ಹಾಕಿದ ಕೂಡಲೇ ದಾರಿ ಕಾಣಿಸಿತು: ಒಬ್ಬರಿಗೆ ಒಂದು ತುಂಡು. ಕಟ್ಟಡ ನಿಧಿಗೆ ಕೊಡಿ ಎಂದರೆ ರಿಕ್ಷಾ ಓಡಿಸುವವನಿಗೆ ತನ್ನ ಸಾವಿರ ರೂಪಾಯಿ ಎಲ್ಲಿ ಹೋಯಿತೆಂದು ತಿಳಿಯುವುದಿಲ್ಲ. ಬೋನಸ್ ಗೆರೆಯ ಮೇಲಿನ ಆ ಒಂದು ಚೌಕ ನಿನ್ನದು ಎಂದರೆ ತಿಳಿಯುತ್ತದೆ.

ನಾನು ಕೃಷಿ ಪತ್ತಿನ ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವವಳು. ಒಟ್ಟಿಗೆ ಕೊಡಲಾಗದವರ ಬಳಿ ದಿನಕ್ಕಿಷ್ಟು, ವಾರಕ್ಕಿಷ್ಟು ಎಂದು ಕೂಡಿಸಿಕೊಳ್ಳುವುದು ನಮ್ಮ ಜಿಲ್ಲೆಗೆ ಹೊಸತಲ್ಲ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಉಡುಪಿಯ ಸಂಸ್ಥೆ 1928ರಲ್ಲಿ ಮನೆ ಮನೆಯಿಂದ ಎರಡೆರಡಾಣೆ ಸಂಗ್ರಹಿಸಿ ಪಿಗ್ಮಿ ಶುರು ಮಾಡಿದ್ದು ಇದೇ ಮಣ್ಣಿನಲ್ಲಿ. ನಾವೂ ಒಂದು ತುಂಡಿಗೆ ಹತ್ತು ಕಂತು ಮಾಡಿದೆವು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಏಳು ಮಂದಿ ಸೇರಿದರೆ ಸಂಘ ಮಾಡಬಹುದು. ಒಂದು ಕಬಡ್ಡಿ ತಂಡವೂ ಏಳೇ ಮಂದಿ. ಬೇರೆ ಬೇರೆ ವರ್ಷದ ಏಳು ಆಟಗಾರರು ಸಹಿ ಹಾಕಿ ಹಳೆ ಆಟಗಾರರದ್ದೇ ಸಂಘ ನೋಂದಾಯಿಸಿ, ಅದರ ಹೆಸರಿನಲ್ಲೇ ಖಾತೆ ತೆರೆದೆವು. ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗುವ 80ಜಿ ನೋಂದಣಿ ಬರುವವರೆಗೆ ಕಾದೆವು. ಎರಡು ಸಾವಿರಕ್ಕಿಂತ ಹೆಚ್ಚು ನಗದಾಗಿ ಕೊಟ್ಟರೆ ತೆರಿಗೆ ವಿನಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗೆ ಹೇಗೂ ಇಲ್ಲ. ಇದನ್ನೆಲ್ಲ ಮೊದಲೇ ಹೇಳಿಬಿಟ್ಟೆವು. ಕೊಟ್ಟ ಮೇಲೆ ಗೊತ್ತಾದರೆ ಮನಸ್ಸು ಕೆಡುತ್ತದೆ.

ಮಸ್ಕತ್, ದುಬೈ, ಕುವೈತ್‌ನಲ್ಲಿರುವವರದ್ದು ಭಾರತದ ಪಾಸ್‌ಪೋರ್ಟ್. ಅವರು ತಮ್ಮ ದುಡಿಮೆಯ ಹಣವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ತೊಂದರೆ ಇಲ್ಲ. ಅಮೆರಿಕದಲ್ಲಿರುವ ಒಬ್ಬರು ಹತ್ತು ತುಂಡಿನ ಹಣ ಕೊಡುತ್ತೇನೆ ಎಂದರು. ಅವರು ಅಲ್ಲಿನ ಪೌರತ್ವ ಪಡೆದವರು, ಅವರದ್ದು ಕಾನೂನಿನಲ್ಲಿ ವಿದೇಶಿ ವಂತಿಗೆ ಆಗುತ್ತದೆ, ನಮ್ಮ ಸಂಘಕ್ಕೆ ಅದರ ನೋಂದಣಿ ಇಲ್ಲ. ಬೇಡ ಎಂದು ಹೇಳುವಾಗ ನನಗೆ ಸಂಕಟವಾಯಿತು. "ದುಡ್ಡು ಬೇಡ ಅಣ್ಣ, ನೀವು ಬನ್ನಿ" ಎಂದೆ. ಡಿಸೆಂಬರ್ ರಜೆಯಲ್ಲಿ ಬಂದು ಹತ್ತು ದಿನ ಬೆಳಿಗ್ಗೆ ಆರಕ್ಕೆ ಮೈದಾನದಲ್ಲಿದ್ದರು, ಹುಡುಗರಿಗೆ ಬ್ಲಾಕ್ ಹಾಕುವುದನ್ನು ಕಲಿಸಿದರು.

ಲೆಫ್ಟ್ ಕಾರ್ನರ್‌ಗೆ ನಾನು ಏನೂ ಕೇಳಿರಲಿಲ್ಲ. ಹಳೆ ಆಟಗಾರರ ಮೊಬೈಲ್ ಗುಂಪಿನಲ್ಲಿ ಓದಿ ಅವಳೇ ಫೋನ್ ಮಾಡಿದಳು. "ನನ್ನದೊಂದು ಬರಿ. ಎಡಗಡೆ ಮೂಲೆಯದ್ದೇ ಆಗಬೇಕು." ಹತ್ತು ಕಂತನ್ನೂ ಮಜೂರಿ ಬಟವಾಡೆಯ ಮರುದಿನವೇ ಕಟ್ಟಿದಳು. ಆ ರಸೀದಿ ಈಗ ಅವಳ ಮನೆಯ ಗೋಡೆಯಲ್ಲಿ, ಫೋಟೋದ ಪಕ್ಕದಲ್ಲಿದೆ.

2024ರ ಜೂನ್‌ನಲ್ಲಿ ಮ್ಯಾಟ್ ಬಂತು. ಲಾರಿಯಿಂದ ಇಳಿಸಿ ಸಭಾಂಗಣದಲ್ಲಿ ಹಾಸುವಾಗ ಹೊರಗೆ ಜಡಿಮಳೆ. ಪಿ.ಡಿ. ಸರ್ ಈಗ ಎಂಬತ್ತು ದಾಟಿದವರು, ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಕೊನೆಯ ತುಂಡು ಕೂರಿಸಿದ ಮೇಲೆ ಚಪ್ಪಲಿ ಬಿಟ್ಟು ಎದ್ದರು. ಮಧ್ಯದ ಗೆರೆಯವರೆಗೆ ನಡೆದು, ಬಗ್ಗಿ ಅಂಗೈಯಿಂದ ಒತ್ತಿ ನೋಡಿದರು. ಮಣ್ಣಿನ ಹದ ನೋಡುತ್ತಿದ್ದ ಹಾಗೆಯೇ.

ಮ್ಯಾಟ್‌ನಲ್ಲಿ ಉಳಿದ ಸಣ್ಣ ಮೊತ್ತವನ್ನು ಏನು ಮಾಡುವುದು ಎಂದು ಸಭೆಯಲ್ಲಿ ಕೇಳಿದಾಗ ನಾನು ಮೊದಲ ಸಲ ನನ್ನ ಕಾಲಿನ ಕಥೆ ಹೇಳಿದೆ. ನಾನೊಬ್ಬಳೇ ಎಂದುಕೊಂಡಿದ್ದೆ. ಭುಜ ತಪ್ಪಿದವರು, ಸೊಂಟ ಹಿಡಿದವರು, ಹೊಲ ಅಡವಿಟ್ಟವರು ಒಬ್ಬೊಬ್ಬರೇ ಎದ್ದು ಹೇಳಿದರು. ಆವತ್ತೇ ಚಿಕಿತ್ಸಾ ನಿಧಿ ಶುರುವಾಯಿತು. ಕಾಲೇಜಿನ ಪರವಾಗಿ ಆಡುವಾಗ ಪೆಟ್ಟಾದರೆ ಸ್ಕ್ಯಾನಿಂಗ್ ಖರ್ಚು ಸಂಘದ್ದು, ಮರುದಿನವೇ. ಮನೆಯವರು ಅರ್ಜಿ ಹಿಡಿದು ಅಲೆಯಬೇಕಾಗಿಲ್ಲ. ಒಬ್ಬ ಹಳೆ ಆಟಗಾರ ಆಸ್ಪತ್ರೆಗೆ ಜೊತೆಗೆ ಹೋಗಬೇಕು. ಹಾಜರಿಯ ವಿಷಯದಲ್ಲಿ ಪ್ರಾಂಶುಪಾಲರ ಬಳಿ ಮಾತಾಡುವುದೂ ಅವರದ್ದೇ ಜವಾಬ್ದಾರಿ.

ಕಳೆದ ನವೆಂಬರ್‌ನಲ್ಲಿ ಎರಡನೇ ಬಿ.ಕಾಂ. ಹುಡುಗಿಯೊಬ್ಬಳ ಮೊಣಕಾಲು ಹೋಯಿತು. ರೈಡರ್. ಮಂಗಳೂರಿನಲ್ಲಿರುವ ನಮ್ಮ ರೈಟ್ ಕಾರ್ನರ್ ಕಾರು ತಂದು ಕರೆದುಕೊಂಡು ಹೋದಳು, ಎಂ.ಆರ್.ಐ. ಆಯಿತು, ಆಪರೇಷನ್ನೂ ಆಯಿತು. ಡಿಸೆಂಬರ್‌ನಿಂದ ಆ ಹುಡುಗಿ ಪ್ರತಿ ದಿನ ಮ್ಯಾಟ್ ಬದಿಯಲ್ಲಿ ಕೂತು ಸ್ಕೋರು ಬರೆಯುತ್ತಾಳೆ.

ಫೆಬ್ರವರಿಯಲ್ಲಿ ಈ ವರ್ಷದ ತಂಡದ ಫೋಟೋ ತೆಗೆದರು. ಉಪನ್ಯಾಸಕಿ ಅದನ್ನು ನನಗೆ ಕಳಿಸಿದ್ದಾಳೆ. ಕುಳಿತವರು, ಎಡದಿಂದ ಮೂರನೆಯವಳು. ಊರುಗೋಲನ್ನು ಕುರ್ಚಿಯ ಹಿಂದೆ ಇಡು ಎಂದು ಫೋಟೋಗ್ರಾಫರ್ ಹೇಳಿದರಂತೆ. ಅವಳು ಮಡಿಲ ಮೇಲೆಯೇ ಅಡ್ಡಕ್ಕೆ ಇಟ್ಟುಕೊಂಡಿದ್ದಾಳೆ.