ಹಿಂದೆ ಬಿದ್ದ ಹಸಿರು: 60 ಮೀಟರ್ ಕೇಬಲ್‌ನ ಕೆಲಸ ಎಲ್ಲಿಗೆ ಬಂದಿದೆ

ಮೈಸೂರಿನ ಸರಸ್ವತೀಪುರಂನಲ್ಲಿ ನಮ್ಮ ಬಳಗವು ತಿಂಗಳಿಗೊಮ್ಮೆ ಗಮಕ ವಾಚನ ನಡೆಸುವ ಸಭಾಂಗಣದಲ್ಲಿ, ವಾಚಿಸುತ್ತಿರುವ ಪದ್ಯವನ್ನು ಕೇಳುಗರು ಓದಿಕೊಳ್ಳಲೆಂದು ಪರದೆಯ ಮೇಲೆ ತೋರಿಸುತ್ತೇವೆ. ಕಂಪ್ಯೂಟರ್ ವೇದಿಕೆಯ ಪಕ್ಕದ ಕೋಣೆಯಲ್ಲಿದೆ, ಪ್ರೊಜೆಕ್ಟರ್ ಹಿಂಬದಿಯ ಚಾವಣಿಯಲ್ಲಿದೆ. ಗೋಡೆಯಂಚಿನಲ್ಲೇ ಸುತ್ತಿ ಹೋಗುವ, ಕಂಪ್ಯೂಟರ್ ಜಾಲಕ್ಕೆ ಬಳಸುವ ಕ್ಯಾಟ್-5ಇ ಕೇಬಲ್‌ನ ಉದ್ದ 60 ಮೀಟರ್. ಕೆಂಪು, ಹಸಿರು, ನೀಲಿ ಸಂಕೇತಗಳು ಅದರ ಮೂರು ಜೋಡಿ ತಂತಿಗಳಲ್ಲಿ ಹೋಗುತ್ತವೆ, ಪ್ರತಿ ಸಾಲು ಮತ್ತು ಇಡೀ ಚಿತ್ರ ಯಾವಾಗ ಶುರುವಾಗಬೇಕೆಂದು ತಿಳಿಸುವ ಎರಡು ಸಿಂಕ್‌ಗಳನ್ನೂ ಒಟ್ಟುಗೂಡಿಸಿ ನಾಲ್ಕನೆಯ ಜೋಡಿಗೆ ಕೊಟ್ಟಿದ್ದೇನೆ.

ಕಳೆದ ತಿಂಗಳು ಈಕ್ವಲೈಸರ್ ಹೊಂದಿಸಿದ ಮೇಲೆ ಅಕ್ಷರಗಳ ಮಸುಕು ಹೋಯಿತು. ಮಸುಕು ಹೋದದ್ದರಿಂದಲೇ ಇನ್ನೊಂದು ದೋಷ ಎದ್ದು ಕಂಡಿತು. ಕಪ್ಪು ಹಿನ್ನೆಲೆಯ ಮೇಲೆ ಬಿಳಿಯಾಗಿರಬೇಕಾದ ‘ಧೃತರಾಷ್ಟ್ರ’ ಎಂಬ ಪದದ ಪ್ರತಿ ಗೆರೆಗೂ ಎಡಗಡೆ ಕೆಂಪು-ನೇರಳೆ ಅಂಚು, ಬಲಗಡೆ ಹಸಿರು ಅಂಚು ಇತ್ತು; ಷಕಾರದ ಕೆಳಗಿನ ಎರಡು ಒತ್ತುಗಳಂತೂ ಮೂರು ಬಣ್ಣದ ಎಳೆಗಳಾಗಿ ಬಿಡಿಸಿಕೊಂಡು, ಹಿರಿಯರು ಓದಲಾರದಷ್ಟು ಕಲಸಿಹೋಗಿದ್ದವು. ಈಕ್ವಲೈಸರ್ ಎಷ್ಟು ತಿರುಗಿಸಿದರೂ ಇದು ಸರಿಹೋಗುವುದಿಲ್ಲ. ಅದು ಉದ್ದ ತಂತಿಯಲ್ಲಿ ಕುಗ್ಗುವ ಎತ್ತರದ ಆವರ್ತನಗಳನ್ನು ಮೇಲೆತ್ತುತ್ತದೆಯೇ ಹೊರತು, ಉಳಿದವುಗಳಿಗಿಂತ ತಡವಾಗಿ ಬಂದು ಬಲಕ್ಕೆ ಬೀಳುವ ಹಸಿರನ್ನು ಬೇಗ ತರಲಾರದು.

ತಡವಾಗುವುದಕ್ಕೆ ಕಾರಣ ಕೇಬಲ್‌ನ ರಚನೆಯಲ್ಲೇ ಇದೆ. ಒಂದು ಜೋಡಿಯ ಸಂಕೇತ ಇನ್ನೊಂದಕ್ಕೆ ಸೋರಬಾರದೆಂದು ನಾಲ್ಕು ಜೋಡಿಗಳನ್ನೂ ಬೇರೆ ಬೇರೆ ಬಿಗಿಯಲ್ಲಿ ಹೊಸೆದಿರುತ್ತಾರೆ. ಬಿಗಿಯಾಗಿ ಹೊಸೆದ ಜೋಡಿಯಲ್ಲಿ, ಹೊರಕವಚದ ಉದ್ದ ಒಂದೇ ಆದರೂ, ತಾಮ್ರದ ಉದ್ದ ಹೆಚ್ಚು. ಹಾಗಾಗಿ ಅದರ ಸಂಕೇತ ನಿಧಾನವಾಗಿ ತಲುಪುತ್ತದೆ. ಕ್ಯಾಟ್-5ಇ ಮಾನಕವು 100 ಮೀಟರಿಗೆ 45 ನ್ಯಾನೋಸೆಕೆಂಡಿನವರೆಗೆ (ಒಂದು ನ್ಯಾನೋಸೆಕೆಂಡ್ ಎಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು) ಈ ವ್ಯತ್ಯಾಸವನ್ನು ಒಪ್ಪುತ್ತದೆ, ಏಕೆಂದರೆ ಕಂಪ್ಯೂಟರ್ ಜಾಲದ ಉಪಕರಣಗಳು ಅದನ್ನು ತಾವೇ ಸರಿದೂಗಿಸಿಕೊಳ್ಳುತ್ತವೆ. ಆದರೆ 1024×768 ಚಿತ್ರದಲ್ಲಿ, ಸೆಕೆಂಡಿಗೆ 60 ಬಾರಿ ಬರೆಯುವಾಗ, ಒಂದು ಪಿಕ್ಸೆಲ್‌ಗೆ ಸಿಗುವ ಕಾಲವೇ ಸುಮಾರು 15.4 ನ್ಯಾನೋಸೆಕೆಂಡ್. ಸಿಂಕ್ ತಡವಾದರೆ ಇಡೀ ಚಿತ್ರ ಪಕ್ಕಕ್ಕೆ ಸರಿಯುತ್ತದೆ, ಅಷ್ಟೇ. ಬಣ್ಣ ತಡವಾದರೆ ಅಕ್ಷರವೇ ಒಡೆಯುತ್ತದೆ.

ಹಿಂದೆ ಬಿದ್ದ ಬಣ್ಣವನ್ನು ಮುಂದೆ ತರುವ ಉಪಾಯವಿಲ್ಲ; ಮುಂದೆ ಹೋದ ಬಣ್ಣಗಳನ್ನು ತಡೆಯಬೇಕು. ಇಂತಹ ಕೇಬಲ್‌ನಲ್ಲಿ ಸಂಕೇತವು ಒಂದು ಮೀಟರ್ ಸಾಗಲು ಸುಮಾರು 5 ನ್ಯಾನೋಸೆಕೆಂಡ್ ತೆಗೆದುಕೊಳ್ಳುವುದರಿಂದ, ಬೇಗ ಬರುವ ಜೋಡಿಗೆ ಲೆಕ್ಕ ಹಾಕಿ ತಂತಿ ಸೇರಿಸಿದರೆ ಸಾಕು. ಮೂರು ಜೋಡಿಗಳಿಗೂ ಒಟ್ಟಿಗೆ ಒಂದೇ ಪಲ್ಸ್ ಕಳುಹಿಸಿ, ಗೆಳೆಯರೊಬ್ಬರಿಂದ ಎರವಲು ತಂದ, ಸಂಕೇತ ಯಾವ ಕ್ಷಣದಲ್ಲಿ ಬಂತೆಂದು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್‌ನ ಮೊದಲ ಚಾನೆಲ್‌ನಲ್ಲಿ ಹಸಿರನ್ನು ಇಟ್ಟುಕೊಂಡು, ಎರಡನೆಯದರಲ್ಲಿ ಉಳಿದವನ್ನು ಒಂದೊಂದಾಗಿ ನೋಡಿದೆ. ಕೆಂಪು 13, ನೀಲಿ 8 ನ್ಯಾನೋಸೆಕೆಂಡ್ ಮುಂಚಿತವಾಗಿ ಬರುತ್ತಿದ್ದವು. ಉಳಿದಿದ್ದ ತುಂಡು ಕೇಬಲ್‌ನಿಂದ ಜೋಡಿಗಳನ್ನು ಎಳೆದು, ಹೊಸೆತ ಬಿಚ್ಚದಂತೆ ಸುರುಳಿ ಸುತ್ತಿ, ಕೆಂಪಿಗೆ 2.6 ಮೀಟರ್, ನೀಲಿಗೆ 1.6 ಮೀಟರ್ ಬೆಸುಗೆ ಹಾಕಿದೆ.

ಅಂಚು ತೆಳುವಾಯಿತೇ ಹೊರತು ಹೋಗಲಿಲ್ಲ. ಒಂದು ಭಾನುವಾರವಿಡೀ ಬೆಸುಗೆಗಳನ್ನೇ ಅನುಮಾನಿಸಿದೆ. ಸಂಜೆ ಪರದೆಯ ಹತ್ತಿರ ಹೋಗಿ ನಿಂತು ನೋಡಿದಾಗ ಸುಳಿವು ಸಿಕ್ಕಿತು: ಕೆಂಪು ಮತ್ತು ನೀಲಿ ಒಂದರ ಮೇಲೊಂದು ಸರಿಯಾಗಿ ಕೂತಿದ್ದವು, ಹಸಿರು ಮಾತ್ರ ಪಿಕ್ಸೆಲ್‌ನ ಮೂರನೇ ಒಂದು ಪಾಲಿನಷ್ಟು ಬಲಕ್ಕೆ ಉಳಿದಿತ್ತು. ಎರಡು ಅಳತೆಗಳಲ್ಲೂ ಒಂದೇ ಪ್ರಮಾಣದ ತಪ್ಪು ಇದೆಯೆಂದರೆ ತಪ್ಪು ಅಳೆಯುವ ಕಡೆಯೇ ಇರಬೇಕು. ಎರಡನೆಯ ಚಾನೆಲ್‌ಗೆ ನಾನು ಹಾಕಿದ್ದ ಕೋಆಕ್ಸಿಯಲ್ ತಂತಿ ಮೊದಲನೆಯದಕ್ಕಿಂತ ಒಂದು ಮೀಟರ್ ಉದ್ದವಿತ್ತು. ಆ ಮೀಟರ್ 5 ನ್ಯಾನೋಸೆಕೆಂಡ್ ಅನ್ನು ನುಂಗಿತ್ತು. ಸೇರಿಸಿದ ಸುರುಳಿಗಳನ್ನು ತೆಗೆದು, ಅಳತೆಯ ಎರಡು ತಂತಿಗಳನ್ನು ಅದಲುಬದಲು ಮಾಡಿ ಅಳೆದಾಗ ಕೆಂಪಿಗೆ 23, ನೀಲಿಗೆ 18 ಬಂದವು. ಎರಡೆರಡು ಅಳತೆಗಳ ಸರಾಸರಿಯೇ ನಿಜವಾದ ವ್ಯತ್ಯಾಸ: 18 ಮತ್ತು 13. ಈ ಕೆಲಸಕ್ಕೆ ಕೈಹಾಕುವವರು ಅಳತೆಯ ತಂತಿಗಳನ್ನು ಮೊದಲು ಅದಲುಬದಲು ಮಾಡಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ.

ಎರಡನೆಯ ಸಲ 3.8 ಮತ್ತು 2.8 ಮೀಟರ್ ಜೋಡಿಗಳನ್ನು ಹಾಕಿ, ಹತ್ತು ಹತ್ತು ಸೆಂಟಿಮೀಟರ್ ಕತ್ತರಿಸುತ್ತ ಬಂದೆ. ಒಂದೊಂದು ತುಂಡಿಗೂ ಅರ್ಧ ನ್ಯಾನೋಸೆಕೆಂಡ್ ಕಡಿಮೆಯಾಗುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಒಂದೇ ಪಿಕ್ಸೆಲ್ ಅಗಲದ ಬಿಳಿ ಗೆರೆಗಳನ್ನು ತೋರಿಸಿ, ಅವು ಮೂರು ಬಣ್ಣಗಳಿಂದ ಒಂದು ಬಿಳಿಗೆ ಕೂಡಿಕೊಳ್ಳುವುದನ್ನು ಕಣ್ಣಾರೆ ಕಂಡೆ. ಕೆಂಪು 3.6 ಮೀಟರಿನಲ್ಲಿ, ನೀಲಿ 2.6 ಮೀಟರಿನಲ್ಲಿ ನಿಂತಿತು.

ಪ್ರೊಜೆಕ್ಟರನ್ನು ಮುಂದಿನ ಗೋಡೆಗೆ ಸರಿಸುವ ಮಾತು ನಡೆದಿದೆ. ಆಗ ಕೇಬಲ್ ಬದಲಾಗುತ್ತದೆ, ಈ ಸುರುಳಿಗಳು ಹೊಂದುವುದಿಲ್ಲ. ಆದ್ದರಿಂದ ಮುಂದಿನ ಹಂತದಲ್ಲಿ, ಪ್ರತಿ ಬಣ್ಣವನ್ನೂ 0.8 ನ್ಯಾನೋಸೆಕೆಂಡ್ ಹೆಜ್ಜೆಗಳಲ್ಲಿ 50ರವರೆಗೆ ತಡೆಹಿಡಿಯಬಲ್ಲ ಎಡಿ8120 ಚಿಪ್ ಬಳಸಿ ಸಣ್ಣ ಬೋರ್ಡ್ ಮಾಡಲಿದ್ದೇನೆ. ಸದ್ಯಕ್ಕೆ ಕಳೆದ ವಾಚನದಲ್ಲಿ ಕೊನೆಯ ಸಾಲಿನಿಂದಲೂ ‘ಧೃತರಾಷ್ಟ್ರ’ದ ಎರಡೂ ಒತ್ತುಗಳು ಬೆಳ್ಳಗೆ ಕಂಡವು.