ನೋಡದೆ ಸಹಿ ಹಾಕದ ಮಾಸ್ತರರು

ಕಳೆದ ಶ್ರಾವಣದಲ್ಲಿ ನಮ್ಮ ಪಾಲಿಟೆಕ್ನಿಕ್ಕಿನ ಫಿಟಿಂಗ್ ಶಾಪಿನ ಮಾಸ್ತರರು ತೀರಿಕೊಂಡರು. ಸುದ್ದಿ ತಿಳಿದ ಮೇಲೆ ನಮ್ಮ ತಂಡದ ಗೆಳೆಯರು ಒಬ್ಬರಿಗೊಬ್ಬರು ಫೋನ್ ಮಾಡಿ ಮಾತನಾಡಿಕೊಂಡಾಗ ಒಂದು ಸಂಗತಿ ನನ್ನ ಗಮನಕ್ಕೆ ಬಂತು. ಮೂರು ವರ್ಷ ಓದಿದ ಥರ್ಮೋಡೈನಮಿಕ್ಸ್, ಹೈಡ್ರಾಲಿಕ್ಸ್, ಗಣಿತ ಯಾವುದರ ಪಾಠವೂ ಯಾರ ಬಾಯಲ್ಲೂ ಬರಲಿಲ್ಲ. ಪ್ರತಿಯೊಬ್ಬರೂ ನೆನೆದದ್ದು ಆ ಮಾಸ್ತರರ ಜಾಬ್ ರಜಿಸ್ಟರನ್ನು, ಅಂದರೆ ನಾವು ಶಾಪಿನಲ್ಲಿ ಮಾಡಿದ ಕೆಲಸಗಳನ್ನು ದಾಖಲಿಸುವ ಪುಸ್ತಕವನ್ನು, ಮತ್ತು ಅದರಲ್ಲಿ ಅವರ ಸಹಿ ಪಡೆಯಲು ಪಟ್ಟ ಪಾಡನ್ನು. ಪಾಲಿಟೆಕ್ನಿಕ್ಕಿನ ಈ ಸಂಚಿಕೆಗೆ ಲೇಖನ ಬೇಕೆಂದು ಸಂಪಾದಕರು ಕೇಳಿದಾಗ ನಾನು ಬೇರೆ ವಿಷಯ ಯೋಚಿಸಲಿಲ್ಲ. ಇಂದು ನಾನು ಪರವಾನಗಿ ಪಡೆದ ವಿಮಾನ ನಿರ್ವಹಣಾ ಎಂಜಿನಿಯರ್ ಆಗಿರುವುದಕ್ಕೂ ಆ ರಜಿಸ್ಟರಿಗೂ ನೇರವಾದ ನಂಟಿದೆ.

ಮಾಸ್ತರರು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಅಪ್ರೆಂಟಿಸ್ ಆಗಿ ಕೆಲಸ ಕಲಿತವರು. ಖಾಕಿ ಅಂಗಿಯ ಜೇಬಿನಲ್ಲಿ ಆರಿಂಚಿನ ಉಕ್ಕಿನ ಸ್ಕೇಲು, ಕಿವಿಯ ಮೇಲೊಂದು ಪೆನ್ಸಿಲ್ಲು, ಕೈಯಲ್ಲಿ ಸದಾ ಹತ್ತಿಯ ವೇಸ್ಟು. ಮೊದಲ ವರ್ಷದ ನಮಗೆ ಅವರು ಕೊಡುತ್ತಿದ್ದದ್ದು ಮೆತುವಾದ ಉಕ್ಕಿನ ಪಟ್ಟಿಯ ಒಂದು ತುಂಡು, ಒಂದು ಅರ ಮತ್ತು ಮೂಲೆಯ ಲಂಬವನ್ನು ನೋಡುವ ಒಂದು ಟ್ರೈ ಸ್ಕ್ವೇರ್ ಅಷ್ಟೆ. ವೈಸಿನಲ್ಲಿ ತುಂಡನ್ನು ಕಚ್ಚಿಸಿ, ನಾಲ್ಕೂ ಬದಿಯನ್ನು ನೇರಕ್ಕೆ ತಂದು, ಮೂಲೆಗಳನ್ನು ಲಂಬಕ್ಕೆ ತರಬೇಕು. ಮುಗಿಯಿತೆಂದು ಒಯ್ದರೆ ಅವರು ತುಂಡನ್ನು ಟ್ರೈ ಸ್ಕ್ವೇರಿಗೆ ಹಿಡಿದು ಕಿಟಕಿಯ ಬೆಳಕಿಗೆ ಎತ್ತುತ್ತಿದ್ದರು. ಉಕ್ಕಿಗೂ ಸ್ಕ್ವೇರಿಗೂ ನಡುವೆ ಕೂದಲೆಳೆಯಷ್ಟು ಬೆಳಕು ಕಂಡರೂ ಮಾತಿಲ್ಲದೆ ಮರಳಿ ಕೊಡುತ್ತಿದ್ದರು. ಸರಿ ಬಂದಾಗ ಮಾತ್ರ ಸೂಕ್ಷ್ಮ ಅಳತೆಯ ಉಪಕರಣವಾದ ವರ್ನಿಯರ್ ಹಿಡಿದು ಅಳತೆಯನ್ನು ತಾವೇ ಓದಿ, ಆ ಅಂಕಿಯನ್ನೇ ರಜಿಸ್ಟರಿನಲ್ಲಿ ಬರೆದು, ದಿನಾಂಕ ಹಾಕಿ, ಕೆಳಗೆ ಸಹಿ ಮಾಡುತ್ತಿದ್ದರು. 'ತೃಪ್ತಿಕರ' ಎಂಬ ಪದವನ್ನು ಅವರು ಒಮ್ಮೆಯೂ ಬರೆದದ್ದನ್ನು ನಾನು ಕಂಡಿಲ್ಲ.

ಅವರು ರಜೆಯಲ್ಲಿದ್ದಾಗ ಮುಗಿಸಿದ ಜಾಬುಗಳ ಪಟ್ಟಿಯನ್ನು ಹಿಡಿದುಕೊಂಡು ನಮ್ಮವನೊಬ್ಬ ಸಹಿಗೆ ಹೋದ. ಮಾಸ್ತರರು ರಜಿಸ್ಟರನ್ನು ಮಡಚಿ ಅವನ ಕೈಗಿಟ್ಟು ಹೇಳಿದ್ದು ಇಷ್ಟು: "ತಮ್ಮಾ, ನೀ ಮಾಡೀದಿ ಅನ್ನೋದ್ರಾಗ ನನಗ ಸಂಶಯ ಇಲ್ಲ. ಆದ್ರ ನಾ ನೋಡಿಲ್ಲಲ್ಲ. ಊಟಾ ಮಾಡಿ ಬಾ, ಎರಡೂ ತುಂಡು ನನ್ನ ಮುಂದ ಒಮ್ಮೆ ಕೂಡಿಸಿ ತೋರ್ಸು, ಆಮ್ಯಾಲೆ ಹಾಕ್ತೇನಿ." ಆ ಹುಡುಗನ ಮೇಲೆ ಅವರಿಗೆ ಸಿಟ್ಟಿರಲಿಲ್ಲ, ಅಪನಂಬಿಕೆಯೂ ಇರಲಿಲ್ಲ. ತಾವು ಕಣ್ಣಾರೆ ಕಂಡದ್ದಕ್ಕೆ ಮಾತ್ರ ತಮ್ಮ ಹೆಸರು ಎಂಬುದು ಅವರ ನಡಾವಳಿಯಾಗಿತ್ತು.

ಎಂಜಿನಿಯರಿಂಗ್ ಡ್ರಾಯಿಂಗ್ ಕಲಿಸಿದ ಸರ್ ಅವರನ್ನೂ ಇಲ್ಲಿ ನೆನೆಯಬೇಕು. ಅಕ್ಷರಗಳನ್ನು ಒಂದೇ ಎತ್ತರಕ್ಕೆ ಬರೆಯುವವರೆಗೆ ಅವರು ಹಾಳೆಯನ್ನು ಮುಟ್ಟುತ್ತಿರಲಿಲ್ಲ. ಮುಂದೆ ವಿಮಾನ ನಿರ್ವಹಣೆಯಲ್ಲಿ ನಾನು ಮಾಡಿದ ಕೆಲಸಗಳನ್ನು ಬರೆದಿಟ್ಟ ಲಾಗ್‌ಬುಕ್ಕನ್ನು ಪರಿಶೀಲಿಸಿದವರೆಲ್ಲ ಮೊದಲು ಹೊಗಳಿದ್ದು ಅಕ್ಷರವನ್ನೇ.

ಇನ್ನು ಕಿತಾಪತಿಯ ಕಥೆ. ಫಿಟಿಂಗ್ ಶಾಪಿನ ಗೋಡೆಗೆ ಒಂದು ದೊಡ್ಡ ಹಲಗೆಯಿತ್ತು. ಅದರ ಮೇಲೆ ಪ್ರತಿ ಉಪಕರಣದ ಆಕಾರವನ್ನು ಬಿಳಿ ಬಣ್ಣದಲ್ಲಿ ಬರೆಸಿದ್ದರು. ಸುತ್ತಿಗೆ ತೂಗುವ ಜಾಗದಲ್ಲಿ ಸುತ್ತಿಗೆಯ ಚಿತ್ರ, ಡಿವೈಡರ್ ಜಾಗದಲ್ಲಿ ಡಿವೈಡರಿನ ಚಿತ್ರ. ಸಂಜೆ ಎಲ್ಲವೂ ಸ್ವಸ್ಥಾನ ಸೇರಿದ್ದನ್ನು ನೋಡಿಯೇ ಮಾಸ್ತರರು ಬಾಗಿಲಿಗೆ ಬೀಗ ಹಾಕುತ್ತಿದ್ದರು. ಅವರು ನಿಜವಾಗಿಯೂ ಎಣಿಸುತ್ತಾರೋ ಅಥವಾ ಸುಮ್ಮನೆ ಕಣ್ಣು ಹಾಯಿಸುತ್ತಾರೋ ಎಂದು ನಮ್ಮ ಬೆಂಚಿನಲ್ಲಿ ವಾದ ಹುಟ್ಟಿತು. ಹಾವೇರಿ ಕಡೆಯ ಗೆಳೆಯನೊಬ್ಬ ಅದನ್ನು ಪರೀಕ್ಷಿಸಿಯೇಬಿಡೋಣವೆಂದು, ಲೋಹದ ಮೇಲೆ ಗೆರೆ ಕೊರೆಯುವ, ಬೆರಳಿನಷ್ಟು ಉದ್ದದ ಒಂದು ಸ್ಕ್ರೈಬರನ್ನು ಹತ್ತಿ ವೇಸ್ಟಿನ ಡಬ್ಬಿಯ ತಳದಲ್ಲಿ ಹುದುಗಿಸಿಟ್ಟ.

ಮಾಸ್ತರರು ಹಲಗೆಯ ಮುಂದೆ ನಿಂತರು. ಹೊರಳಿ ನಮ್ಮನ್ನು ನೋಡಿದರು. ಬಾಗಿಲನ್ನು ಒಳಗಿನಿಂದ ಮುಚ್ಚಿ ಸ್ಟೂಲಿನ ಮೇಲೆ ಕುಳಿತರು. ಬೈಗುಳವಿಲ್ಲ, ವಿಚಾರಣೆಯಿಲ್ಲ. ಅಣ್ಣಿಗೇರಿ, ಗದಗಿನ ಕಡೆ ಹೋಗುವ ನಮಗೆಲ್ಲ ಸಂಜೆಯ ಪ್ಯಾಸೆಂಜರ್ ಗಾಡಿಯ ಚಿಂತೆ ಹತ್ತಿತು. ಗೆಳೆಯ ಕೊನೆಗೆ ಡಬ್ಬಿಗೆ ಕೈಹಾಕಿ ಸ್ಕ್ರೈಬರನ್ನು ತೆಗೆದುಕೊಟ್ಟ. ಯಾಕೆ ಬಚ್ಚಿಟ್ಟೆ ಎಂದು ಅವರು ಕೇಳಲೇ ಇಲ್ಲ. "ಇದು ಲೇಥಿನ ಚಕ್ಕಿನಾಗ ಕುಂತಿದ್ದರ, ನಾಳೆ ಮುಂಜಾನೆ ಸ್ವಿಚ್ ಹಾಕವ ಯಾರು?" ಎಂದು ಕೇಳಿದರು. ಚಕ್ ಎಂದರೆ ಲೇಥ್ ಯಂತ್ರದಲ್ಲಿ ತುಂಡನ್ನು ಹಿಡಿದು ತಿರುಗುವ ಭಾಗ; ಅದರಲ್ಲಿ ಉಳಿದದ್ದು ಸ್ವಿಚ್ ಹಾಕಿದೊಡನೆ ಸಿಡಿಯಬಲ್ಲದು. ಮರುದಿನ ಮೊದಲು ಲೇಥ್ ಮುಟ್ಟಬೇಕಾಗಿದ್ದವನು ಆ ಗೆಳೆಯನೇ. ಅಂದಿನಿಂದ ಆ ಅವಧಿ ಮುಗಿಯುವವರೆಗೆ ಹಲಗೆಯನ್ನು ಎಣಿಸುವ ಹೊಣೆ ಅವನದಾಯಿತು, ಮತ್ತು ಅವನಷ್ಟು ಕಟ್ಟುನಿಟ್ಟಾಗಿ ಎಣಿಸಿದವರು ಬೇರೆ ಯಾರೂ ಇಲ್ಲ. ಗಾಡಿ ತಪ್ಪಿಸಿಕೊಂಡ ನಮ್ಮನ್ನು ಮಾಸ್ತರರು ಕೇಶ್ವಾಪುರದ ತಮ್ಮ ಮನೆಗೆ ಕರೆದೊಯ್ದರು. ಅವರ ಮನೆಯ ಅಕ್ಕನವರು ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಬಡಿಸಿದರು. ಪಡಸಾಲೆಯಲ್ಲೇ ಮಲಗಿ ಮುಂಜಾನೆಯ ಗಾಡಿಗೆ ಊರಿಗೆ ಹೋದೆವು.

ವಿಮಾನಗಳನ್ನು ನಿಲ್ಲಿಸಿ ರಿಪೇರಿ ಮಾಡುವ ಹ್ಯಾಂಗರಿಗೆ ಕಾಲಿಟ್ಟ ಮೊದಲ ವಾರದಲ್ಲಿಯೇ ನನಗೆ ಆ ಹಲಗೆ ಮತ್ತೆ ಕಂಡಿತು. ಅಲ್ಲಿಯೂ ಉಪಕರಣಗಳ ಪೆಟ್ಟಿಗೆಯಲ್ಲಿ ಪ್ರತಿ ಸ್ಪ್ಯಾನರಿಗೆ ಅದರದೇ ಆಕಾರದ ಗೂಡಿರುತ್ತದೆ. ಪಾಳಿ ಮುಗಿಯುವಾಗ ಒಂದು ಗೂಡು ಖಾಲಿಯಿದ್ದರೆ, ಅದು ಸಿಗುವವರೆಗೆ ಅಥವಾ ವಿಮಾನದೊಳಗೆ ಇಲ್ಲವೆಂದು ಖಚಿತವಾಗುವವರೆಗೆ ಆ ವಿಮಾನವನ್ನು ಹಾರಾಟಕ್ಕೆ ಬಿಡುವಂತಿಲ್ಲ. ಎಂಜಿನ್ನಿನ ಗಾಳಿಬಾಯಿಯಲ್ಲಿ ಉಳಿದ ಚಿಕ್ಕ ಉಕ್ಕಿನ ತುಂಡೂ ಫ್ಯಾನಿನ ಎಲೆಗಳನ್ನು ಹಾಳುಮಾಡಬಲ್ಲದು. ನಿಯಂತ್ರಣ ಕೇಬಲ್ಲುಗಳ ದಾರಿಯಲ್ಲಿ ಉಳಿದರೆ ಚಲನೆಯನ್ನೇ ತಡೆಯಬಲ್ಲದು.

ಡಿಪ್ಲೊಮಾ ಮುಗಿದ ಮೇಲೆ ನಾನು ದೇಶದ ನಾಗರಿಕ ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎಯ ಮಾನ್ಯತೆಯಿರುವ ಸಂಸ್ಥೆಯೊಂದರಲ್ಲಿ ವಿಮಾನ ನಿರ್ವಹಣೆಯ ತರಬೇತಿಗೆ ಸೇರಿದೆ. ಪರವಾನಗಿಯ ನಿಯಮಗಳು ಡಿಜಿಸಿಎಯ ಸಿಎಆರ್-66 ಎಂಬ ನಿಯಮಾವಳಿಯಲ್ಲಿವೆ. ಟರ್ಬೈನ್ ಎಂಜಿನ್ನಿನ ವಿಮಾನಗಳ ಕೆಲಸಕ್ಕೆ ಬೇಕಾದ ವರ್ಗ ಬಿ1.1, ಏವಿಯಾನಿಕ್ಸಿನವರಿಗೆ, ಅಂದರೆ ವಿಮಾನದ ಎಲೆಕ್ಟ್ರಾನಿಕ್ ಉಪಕರಣಗಳ ಕೆಲಸದವರಿಗೆ, ಬಿ2. ಗಣಿತ, ಭೌತವಿಜ್ಞಾನದಿಂದ ಹಿಡಿದು ಗ್ಯಾಸ್ ಟರ್ಬೈನ್ ಎಂಜಿನ್ ವರೆಗಿನ ಮಾಡ್ಯೂಲುಗಳಲ್ಲಿ ಪ್ರತಿಯೊಂದಕ್ಕೂ ಪಾಸಾಗಲು ಶೇಕಡಾ 75 ಅಂಕ ಬೇಕು. ನಮ್ಮ ಕಡೆಯ ಹುಡುಗರು ಪರೀಕ್ಷೆಗಳಿಗೆ ಹೆದರುವುದನ್ನು ನೋಡಿದ್ದೇನೆ. ಆದರೆ ಓದಿದರೆ ಪರೀಕ್ಷೆ ಪಾಸಾಗುತ್ತದೆ. ಹೆಚ್ಚಿನವರ ಕಾಲು ಸಿಲುಕುವುದು ಪ್ರಾಯೋಗಿಕ ಅನುಭವದ ಲಾಗ್‌ಬುಕ್ಕಿನಲ್ಲಿ. ಮಾನ್ಯ ತರಬೇತಿ ಮುಗಿಸಿದವರಿಗೂ ಬಿ1.1 ಪರವಾನಗಿಗೆ, ಹಾರಾಟದಲ್ಲಿರುವ ವಿಮಾನಗಳ ಮೇಲೆ ಎರಡು ವರ್ಷದ ನಿರ್ವಹಣಾ ಅನುಭವ ಬೇಕು. ಆ ಅನುಭವದ ಸಾಕ್ಷಿಯೆಂದರೆ ಸಹಿಯಾದ ಲಾಗ್‌ಬುಕ್.

ಅದರ ಪುಟ ಹೀಗಿರುತ್ತದೆ: ದಿನಾಂಕ, ಸ್ಥಳ, ವಿಮಾನದ ಮಾದರಿ, ಅದರ ನೋಂದಣಿ ಅಕ್ಷರಗಳು, ಎಟಿಎ ಅಧ್ಯಾಯದ ಸಂಖ್ಯೆ (ವಿಮಾನದ ಪ್ರತಿ ವ್ಯವಸ್ಥೆಗೆ ಗೊತ್ತುಮಾಡಿದ ಅಂಕಿ), ಮಾಡಿದ ಕೆಲಸ, ಜಾಬ್ ಕಾರ್ಡಿನ (ಮಾಡಬೇಕಾದ ಕೆಲಸವನ್ನು ಬರೆದುಕೊಡುವ ಹಾಳೆಯ) ಸಂಖ್ಯೆ, ಮೇಲ್ವಿಚಾರಣೆ ಮಾಡಿದ ಎಂಜಿನಿಯರರ ಸಹಿ ಮತ್ತು ಪರವಾನಗಿ ಸಂಖ್ಯೆ. 32 ಎಂದರೆ ಲ್ಯಾಂಡಿಂಗ್ ಗೇರ್, 29 ಹೈಡ್ರಾಲಿಕ್, 27 ಹಾರಾಟದ ನಿಯಂತ್ರಣಗಳು, 72 ಎಂಜಿನ್. ಒಂದೇ ಅಧ್ಯಾಯದ ಕೆಲಸ ಪುಟಗಟ್ಟಲೆ ತುಂಬಿದರೆ ಪ್ರಯೋಜನವಿಲ್ಲ. ಅನುಭವ ಎಲ್ಲ ವ್ಯವಸ್ಥೆಗಳಿಗೂ ಹರಡಿರಬೇಕು, ಬಿಚ್ಚಿ ಕೂಡಿಸುವುದು, ತಪಾಸಣೆ, ಕಾರ್ಯಪರೀಕ್ಷೆ, ದೋಷ ಹುಡುಕುವುದು ಎಲ್ಲವೂ ಕಾಣಬೇಕು. ಹ್ಯಾಂಗರಿನಲ್ಲಿ ತರಬೇತಿಯವರ ಪಾಲಿಗೆ ಸುಲಭವಾಗಿ ಬರುವುದು ಪ್ಯಾನಲ್ ಬಿಚ್ಚುವುದು, ಗ್ರೀಸ್ ಹಾಕುವುದು, ಒರೆಸುವುದು. ಮಿಕ್ಕಿದ್ದನ್ನು ಕೇಳಿ ಪಡೆಯಬೇಕು. ವಾರದ ಆರಂಭದಲ್ಲಿಯೇ ಯಾವ ವಿಮಾನ ಯಾವ ಕೆಲಸಕ್ಕೆ ಒಳಬರುತ್ತದೆಂದು ತಿಳಿದುಕೊಂಡು, ನನ್ನ ಪುಸ್ತಕದಲ್ಲಿ ಯಾವ ಅಧ್ಯಾಯ ಖಾಲಿಯಿದೆಯೋ ಅದರ ಎಂಜಿನಿಯರರ ಹತ್ತಿರ ಹೋಗಿ ನಿಲ್ಲುತ್ತಿದ್ದೆ.

ಸಹಿಯ ವಿಷಯದಲ್ಲಿ ನಾನು ಮಾಸ್ತರರ ಕ್ರಮವನ್ನೇ ಹಿಡಿದೆ. ಕೆಲಸ ಮುಗಿದ ಪಾಳಿಯಲ್ಲಿಯೇ, ಜಾಬ್ ಕಾರ್ಡ್ ಕಣ್ಣೆದುರಿಗಿರುವಾಗಲೇ ಪುಟ ತುಂಬಿಸಿ ಎಂಜಿನಿಯರರ ಮುಂದೆ ಇಡುತ್ತಿದ್ದೆ. ತಿಂಗಳ ಕೊನೆಗೆ ಒಟ್ಟಿಗೆ ಮಾಡೋಣವೆಂದು ಬಿಟ್ಟವರ ಗತಿ ನೋಡಿದ್ದೇನೆ. ಅಷ್ಟರಲ್ಲಿ ಮೇಲ್ವಿಚಾರಕರಿಗೆ ವರ್ಗವಾಗಿರುತ್ತದೆ, ಇಲ್ಲವೆ ಅವರು ಬೇರೆ ಕಂಪನಿ ಸೇರಿರುತ್ತಾರೆ, ಇಲ್ಲವೆ ಯಾವ ರಾತ್ರಿ ಯಾವ ಚಕ್ರ ಬದಲಿಸಿದ್ದೆಂದು ಅವರಿಗೇ ನೆನಪಿರುವುದಿಲ್ಲ. ನೆನಪಿಲ್ಲದ ಕೆಲಸಕ್ಕೆ ಸಹಿ ಹಾಕದಿರುವುದು ಅವರ ಧರ್ಮ.

ಒಮ್ಮೆ ಮುಖ್ಯ ಚಕ್ರ ಬದಲಿಸಿದ ಮೇಲೆ ಪುಸ್ತಕ ಚಾಚಿದಾಗ, ಹಿರಿಯ ಎಂಜಿನಿಯರೊಬ್ಬರು ಪೆನ್ನು ತೆಗೆಯುವ ಮೊದಲು ಕೇಳಿದರು: ಆಕ್ಸಲಿನ ನಟ್ಟನ್ನು ಬಿಗಿಮಾಡುವಾಗ ಚಕ್ರವನ್ನು ತಿರುಗಿಸುತ್ತಲೇ ಇರಬೇಕು, ಯಾಕೆ? ಬೇರಿಂಗುಗಳು ತಮ್ಮ ಜಾಗದಲ್ಲಿ ಸರಿಯಾಗಿ ಕೂರಲಿ ಎಂದು, ಆಮೇಲೆ ಸಡಿಲಿಸಿ ನಿರ್ವಹಣಾ ಕೈಪಿಡಿಯಲ್ಲಿ ಹೇಳಿದ ಟಾರ್ಕಿಗೆ, ಅಂದರೆ ಬಿಗಿಯ ಅಳತೆಗೆ, ಮತ್ತೆ ಬಿಗಿಮಾಡುತ್ತೇವೆ ಎಂದೆ. ಅವರು ಸಹಿ ಹಾಕಿ, ನಿನಗೆ ಕೆಲಸ ಕಲಿಸಿದವರು ಯಾರೆಂದು ವಿಚಾರಿಸಿದರು. ಹುಬ್ಬಳ್ಳಿಯ ಮಾಸ್ತರರ ಹೆಸರನ್ನು ಹೆಮ್ಮೆಯಿಂದ ಹೇಳಿದೆ.

ಇಂಥ ಕಟ್ಟುನಿಟ್ಟಿಗೆ ಕಾರಣವೇನೆಂದು ಕೆಲಸಗಾರರಿಂದ ತಪ್ಪುಗಳು ಹೇಗಾಗುತ್ತವೆಂದು ಹೇಳುವ ಮಾನವ ಅಂಶಗಳ ಮಾಡ್ಯೂಲಿನಲ್ಲಿ ಓದಿದ ಒಂದು ಘಟನೆ ನನಗೆ ಸ್ಪಷ್ಟಪಡಿಸಿತು. 1990ರ ಜೂನ್ 10ರಂದು ಬರ್ಮಿಂಗ್‌ಹ್ಯಾಮಿನಿಂದ ಮಾಲಗಾಕ್ಕೆ ಹೊರಟ ವಿಮಾನದ ಕಾಕ್‌ಪಿಟ್ಟಿನ ಗಾಜು ಆಕಾಶದಲ್ಲಿ ಕಿತ್ತುಹೋಗಿ, ಕ್ಯಾಪ್ಟನ್ನರ ದೇಹ ಅರ್ಧ ಹೊರಗೆ ಎಳೆದುಹೋಯಿತು. ಸಿಬ್ಬಂದಿ ಅವರ ಕಾಲುಗಳನ್ನು ಹಿಡಿದುಕೊಂಡರು, ಸಹ ಪೈಲಟ್ ವಿಮಾನವನ್ನು ಸೌತಾಂಪ್ಟನ್ನಿನಲ್ಲಿ ಇಳಿಸಿದರು, ಎಲ್ಲರೂ ಬದುಕಿದರು. ಹಾರಾಟಕ್ಕೆ ಸುಮಾರು 27 ಗಂಟೆ ಮೊದಲು ರಾತ್ರಿ ಪಾಳಿಯಲ್ಲಿ ಆ ಗಾಜನ್ನು ಕೂಡಿಸುವಾಗ ಹಾಕಿದ 90 ಬೋಲ್ಟುಗಳಲ್ಲಿ 84 ಬೋಲ್ಟುಗಳು ಬೇಕಾದ ದಪ್ಪಕ್ಕಿಂತ ಒಂದು ಮಿಲಿಮೀಟರಿಗೂ ಕಡಿಮೆ ಅಂತರದಷ್ಟು ತೆಳ್ಳಗಿದ್ದವು. ಹಳೆಯ ಬೋಲ್ಟನ್ನು ಪಕ್ಕದಲ್ಲಿಟ್ಟು ಕಣ್ಣಳತೆಯಲ್ಲಿ ಹೊಸದನ್ನು ಆರಿಸಲಾಗಿತ್ತು, ಮಾಡಿದವರೇ ಸಹಿ ಹಾಕಿದ್ದರು, ಇನ್ನೊಬ್ಬರ ತಪಾಸಣೆ ಆಗಿರಲಿಲ್ಲ. ಇದನ್ನು ಓದುವಾಗ ಪುಸ್ತಕದ ಮೇಲೆ ನನಗೆ ಕಂಡದ್ದು ಕಿಟಕಿಯ ಬೆಳಕಿಗೆ ಉಕ್ಕಿನ ತುಂಡು ಹಿಡಿದ ನಮ್ಮ ಮಾಸ್ತರರೇ. ಬೋಲ್ಟನ್ನು ಡಬ್ಬಿಯಿಂದ ಆರಿಸುವಾಗಲೂ ಅವರು ಮೊದಲು ವರ್ನಿಯರ್ ಹಿಡಿಸುತ್ತಿದ್ದರು.

ಎಲ್ಲ ಕಡೆಯೂ ಇಂಥವರೇ ಇರುವುದಿಲ್ಲ. ತರಬೇತಿಯ ಒಂದು ಹಂತದಲ್ಲಿ ನಾನಿದ್ದ ಕಡೆ, ಮಾಡದ ಕೆಲಸಗಳನ್ನೂ ಸೇರಿಸಿ ಪುಟ ತುಂಬಿಸಿದರೆ ಒಂದೇ ಕೂರಿಕೆಯಲ್ಲಿ ಸಹಿ ಹಾಕಿಕೊಡುವ ರೂಢಿಯಿತ್ತು. ಜೊತೆಯವರು ಕೆಲವರು ಒಪ್ಪಿದರು; ನಾನು ಒಪ್ಪಲಿಲ್ಲ. ನನ್ನ ಪುಸ್ತಕ ತುಂಬಲು ಅವರಿಗಿಂತ ಬಹಳ ಹೆಚ್ಚು ಸಮಯ ಹಿಡಿಯಿತು, ಮನೆಯಲ್ಲಿ ಅಪ್ಪನಿಗೆ ಕಾರಣ ಹೇಳುವುದೂ ಕಷ್ಟವಾಯಿತು. ಆದರೆ ಪರವಾನಗಿಯ ಅರ್ಜಿಯೊಂದಿಗೆ ಆ ಪುಸ್ತಕ ಹೋದಾಗ ಒಂದು ಪುಟದ ಬಗ್ಗೆಯೂ ತಕರಾರು ಬರಲಿಲ್ಲ, ಮತ್ತು ಈಗಲೂ ನಮ್ಮ ಹ್ಯಾಂಗರಿನಲ್ಲಿ ಹೊಸಬರಿಗೆ ಮಾದರಿಯಾಗಿ ಅದನ್ನೇ ತೋರಿಸುತ್ತಾರೆ.

ಇಂದು ಸಹಿ ಹಾಕುವ ಕುರ್ಚಿಯಲ್ಲಿ ನಾನಿದ್ದೇನೆ. ಗದಗ, ಹಾವೇರಿ ಕಡೆಯ ಹುಡುಗರು, ಈಚೆಗೆ ಹುಡುಗಿಯರೂ, ನನ್ನ ಮುಂದೆ ಪುಸ್ತಕ ಚಾಚುತ್ತಾರೆ. ಬುದ್ಧಿವಂತರು, ನಮಗಿಂತ ಬೇಗ ಗ್ರಹಿಸುತ್ತಾರೆ. ಅವರ ಡಿಪ್ಲೊಮಾದ ಪ್ರಾಯೋಗಿಕ ಜರ್ನಲ್ ಬಗ್ಗೆ ಕೇಳಿದರೆ ಮಾತ್ರ ಮನಸ್ಸಿಗೆ ನೋವಾಗುತ್ತದೆ. ಹಿಂದಿನ ವರ್ಷದವರದನ್ನು ನೋಡಿ ನಕಲು ಮಾಡಿದ್ದು, ಬಾಹ್ಯ ಪರೀಕ್ಷಕರು ಬರುವ ಮುನ್ನಾದಿನ ರಾಶಿಯಾಗಿ ಸಹಿಯಾದದ್ದು ಎಂದು ಅವರು ಸಹಜವೆಂಬಂತೆ ಹೇಳುತ್ತಾರೆ. ಅಧ್ಯಾಪಕರನ್ನು ನಾನು ದೂರುವುದಿಲ್ಲ. ಒಬ್ಬರಿಗೆ ಒಪ್ಪಿಸಿದ ಮಕ್ಕಳ ಸಂಖ್ಯೆ ದೊಡ್ಡದು, ತುಂಬಬೇಕಾದ ನಮೂನೆಗಳೂ ಹೆಚ್ಚು. ಆದರೆ ಹಾಗೆ ಸಹಿ ಪಡೆದು ಬಂದ ಮಗುವಿಗೆ, ಹ್ಯಾಂಗರಿನಲ್ಲಿ ನಾನು ಯಾಕೆ ಇಷ್ಟು ಪ್ರಶ್ನೆ ಕೇಳುತ್ತೇನೆಂದು ಅರ್ಥಮಾಡಿಸಲು ತಿಂಗಳುಗಳೇ ಹಿಡಿಯುತ್ತವೆ.

ಆದ್ದರಿಂದ ಪ್ರಾಚಾರ್ಯರಲ್ಲಿ ನನ್ನದೊಂದು ವಿನಂತಿ. ಮಾಸ್ತರರ ಹಳೆಯ ಜಾಬ್ ರಜಿಸ್ಟರಿನಲ್ಲಿದ್ದ ಎರಡು ಅಂಕಣಗಳನ್ನು, ಅಂದರೆ ಅಳೆದಾಗ ಬಂದ ನಿಜವಾದ ಅಂಕಿ ಮತ್ತು ಅಳೆದ ದಿನಾಂಕ, ಈಗಿನ ಜರ್ನಲ್ಲಿಗೆ ಮರಳಿ ಸೇರಿಸಬೇಕು. ವಿಮಾನ ನಿರ್ವಹಣೆಗೆ ಹೋಗಬೇಕೆನ್ನುವ ವಿದ್ಯಾರ್ಥಿಗಳಿದ್ದರೆ, ಮುಂದಿನ ದೀಪಾವಳಿಯ ರಜೆಗೆ ಊರಿಗೆ ಬಂದಾಗ ನನ್ನ ಲಾಗ್‌ಬುಕ್ಕನ್ನೂ ಕೆಲವು ಮಾದರಿ ಜಾಬ್ ಕಾರ್ಡುಗಳನ್ನೂ ತಂದು, ಒಂದೊಂದು ನಮೂದನ್ನು ಹೇಗೆ ಬರೆದು ಯಾವಾಗ ಸಹಿ ಪಡೆಯಬೇಕೆಂದು ಫಿಟಿಂಗ್ ಶಾಪಿನಲ್ಲಿಯೇ ಕುಳಿತು ಹೇಳಿಕೊಡುತ್ತೇನೆ. ಹೆಸರು ಕೊಡುವವರು ಕಚೇರಿಯಲ್ಲಿ ಬರೆಸಲಿ.