ಶಿರಸಿಯಿಂದ ಲಂಡನ್ ಎಷ್ಟು ದೂರ?

ಲಂಡನ್‌ನಲ್ಲಿರುವ ತಂಗಿಗೆ ಮಗು ಹುಟ್ಟಿತು. ಬಾಣಂತನಕ್ಕೆ ಆಯಿ ಹೋಗಲೇಬೇಕು. ಅವಳು ವಿಮಾನ ಹತ್ತಿದವಳೇ ಅಲ್ಲ, ಹಾಗಾಗಿ ಜೊತೆಗೆ ನಾನೂ ಹೊರಟೆ.

ಬೆಂಗಳೂರಿನಿಂದ ಲಂಡನ್‌ಗೆ ನೇರ ಗೆರೆಯಲ್ಲಿ ಸುಮಾರು 8,000 ಕಿ.ಮೀ. ನಮ್ಮ ಟಿಕೆಟ್ಟಿನಲ್ಲಿ ಹತ್ತೂವರೆ ತಾಸು ಎಂದಿತ್ತು. ಆದರೆ ನಮ್ಮ ಪ್ರಯಾಣ ಶುರುವಾಗಿದ್ದು ಮನೆ ಅಂಗಳದಿಂದ, ಜೂನ್ ತಿಂಗಳ ಜಡಿಮಳೆಯಲ್ಲಿ, ರಾತ್ರಿ 8 ಗಂಟೆಗೆ.

ಹೊರಡುವ ಹಿಂದಿನ ದಿನವಿಡೀ ಪೆಟ್ಟಿಗೆ ಕಟ್ಟಿದ್ದೇ ಕಟ್ಟಿದ್ದು. ಹಲಸಿನ ಹಪ್ಪಳ, ಒಣಗಿದ ಮುರುಗಲು ಸಿಪ್ಪೆ, ಬಾಣಂತಿಗೆ ಬೇಕಾದ ಮೆಣಸು, ಶುಂಠಿ. ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಮೂರು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ದೊಡ್ಡ ಪೆಟ್ಟಿಗೆಗೇ ಹಾಕಿದೆವು. ಕೈಚೀಲದಲ್ಲಿಟ್ಟರೆ ತಪಾಸಣೆಯಲ್ಲಿ ತೆಗೆಸಿಬಿಡುತ್ತಾರೆ. ಮನೆಯಲ್ಲೇ ಕಾಸಿದ ತುಪ್ಪ ಮಾತ್ರ ಉಳಿಯಿತು. ಹಾಲಿನ ಪದಾರ್ಥಗಳನ್ನು ನಮ್ಮ ದೇಶದಿಂದ ಬ್ರಿಟನ್‌ಗೆ ಒಯ್ಯುವಂತಿಲ್ಲ. ಬಾಣಂತಿಗೆ ಮನೆ ತುಪ್ಪವಿಲ್ಲ ಎನ್ನುವ ಬೇಜಾರು ಆಯಿಗೆ ಬೆಂಗಳೂರು ಮುಟ್ಟುವವರೆಗೂ ಹೋಗಲಿಲ್ಲ.

ಶಿರಸಿಯಿಂದ ಬೆಂಗಳೂರಿಗೆ 400 ಕಿ.ಮೀ. ಆಸುಪಾಸು. ಹಾವೇರಿ ಮುಟ್ಟುವವರೆಗೆ ಮಳೆ ಬಿಡಲೇ ಇಲ್ಲ. ಸ್ಲೀಪರ್ ಬಸ್ಸಿಗೆ ಒಂಬತ್ತು ತಾಸು ಹಿಡಿಯಿತು. ಅದರ ಇಪ್ಪತ್ತು ಪಟ್ಟು ದೂರಕ್ಕೆ ವಿಮಾನ ತೆಗೆದುಕೊಂಡಿದ್ದು ಒಂದೂವರೆ ತಾಸು ಜಾಸ್ತಿ, ಅಷ್ಟೇ!

ವಿಮಾನ ಏರಿದ್ದು ಮಧ್ಯಾಹ್ನ ಒಂದೂವರೆಗೆ. ಎದುರಿನ ಪರದೆಯ ನಕ್ಷೆಯಲ್ಲಿ ನಮ್ಮ ದಾರಿ ಬಿಲ್ಲಿನ ಹಾಗೆ ಬಾಗಿತ್ತು. ಸುಮ್ನೆ ಬಳಸಿ ಹೋಗುತ್ತಿದ್ದಾರಾ ಎಂದು ಆಯಿ ಕೇಳಿದಳು. ಊಟಕ್ಕೆ ಕೊಟ್ಟ ಕಿತ್ತಳೆ ಹಣ್ಣಿನ ಮೇಲೆ ಬೆರಳಿಂದ ಗೆರೆ ಎಳೆದು ತೋರಿಸಿದೆ. ಭೂಮಿ ದುಂಡಗಿದೆ, ಚಪ್ಪಟೆ ನಕ್ಷೆಯಲ್ಲಿ ಹತ್ತಿರದ ದಾರಿಯೇ ಬಾಗಿದಂತೆ ಕಾಣುತ್ತದೆ. ಯುದ್ಧ ನಡೆಯುವ ದೇಶಗಳನ್ನು ತಪ್ಪಿಸಿ ಹೋಗುವಾಗ ನಿಜವಾಗಿಯೂ ಸುತ್ತು ಬೀಳುತ್ತದೆ, ಆಗ ಹೊತ್ತೂ ಹೆಚ್ಚು.

ಇಳಿದಾಗ ನನ್ನ ವಾಚಿನಲ್ಲಿ ನಡುರಾತ್ರಿ 12. ಅಲ್ಲಿಯ ಗಡಿಯಾರದಲ್ಲಿ ಸಂಜೆ ಏಳೂವರೆ. ಬೇಸಿಗೆಯಲ್ಲಿ ಲಂಡನ್ ನಮಗಿಂತ ನಾಲ್ಕೂವರೆ ತಾಸು ಹಿಂದೆ, ಚಳಿಗಾಲದಲ್ಲಿ ಐದೂವರೆ. ತಂಗಿಯ ಮನೆ ಮುಟ್ಟುವಾಗ ಒಂಬತ್ತೂವರೆ. ಸೂರ್ಯ ಆಗಷ್ಟೇ ಮುಳುಗಿದ್ದ.

"ಇನ್ನೂ ಬೆಳಕು ಇದ್ದಲ ತಮಾ, ದೇವರ ದೀಪ ಹಚ್ಚದು ಯಾವಾಗ?" ಎಂದಳು ಆಯಿ. ಕಣ್ಣು ಎಳೆಯುತ್ತಿದ್ದವು. ಆದರೂ ಕೈಕಾಲು ತೊಳೆದು, ಮೊದಲು ಮೊಮ್ಮಗಳನ್ನು ಮಡಿಲಿಗೆ ಹಾಕಿಕೊಂಡಳು. ದೀಪವನ್ನು ಆ ದಿನ ತಂಗಿಯೇ ಹಚ್ಚಿದಳು.

ಮೂರು ತಿಂಗಳ ಮೇಲೆ ಕರೆತರಲು ಮತ್ತೆ ಹೋದೆ. ಬರುವಾಗ ಒಂದು ತಾಸಿನಷ್ಟು ಉಳಿಯಿತು. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಿರುಗಾಳಿ ವಿಮಾನವನ್ನು ಹಿಂದಿನಿಂದ ದೂಡುತ್ತದೆ, ಹೋಗುವಾಗ ಅದೇ ಗಾಳಿ ಎದುರು.

ಶಿರಸಿಯಲ್ಲಿ ಪಕ್ಕದ ಮನೆಯವರು ಬಂದು ಕೇಳಿದರು, ಲಂಡನ್ ಎಷ್ಟು ದೂರ ಎಂದು. ಆಯಿ ಕಿಲೋಮೀಟರ್ ಹೇಳಲಿಲ್ಲ. "ಒಂದು ರಾತ್ರಿ, ಒಂದು ಹಗಲು, ಮತ್ತೆ ಅರ್ಧ ರಾತ್ರಿ" ಎಂದಳು. ಲೆಕ್ಕ ಹಾಕಿ ನೋಡಿದೆ, ಸರಿಯಾಗಿ 30 ತಾಸು.